ಅಷ್ಟರಲ್ಲಿ ಅಕ್ಕನ ಮೂಲೆ ಕುರ್ಚಿ

ಆಕೆಯ ಬಾಯಲ್ಲಿ ನೆಟ್ಟಗಿರುವ ಹಲ್ಲು ಒಂದೂ ಇರಲಾರದು ಎಂದೇ ನಾನು ತಿಳಿದಿದ್ದೆ. ನನ್ನ ದವಡೆಯ ರಿಪೇರಿಗೆಂದು ದಂತವೈದ್ಯರಲ್ಲಿಗೆ ಹೋದಾಗಲೆಲ್ಲ ಆಕೆ ಅಲ್ಲೇ ಇರುತ್ತಿದ್ದರು. ಹೊರಕೋಣೆಯ ಮೂಲೆ ಕುರ್ಚಿ, ತೊಡೆಯ ಮೇಲೊಂದು ರಟ್ಟು, ರಟ್ಟಿನ ಮೇಲೆ ಹಾಳೆ, ಕೈಯಲ್ಲಿ ಪೆನ್ಸಿಲ್. ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಪಾಪ, ನೋವು ತಡೆಯಲಾರದೆ ದೇವರ ಹೆಸರು ಹೇಳಿಕೊಳ್ಳುತ್ತಿರಬೇಕು ಎಂದುಕೊಂಡೆ.

ಒಂದು ದಿನ ಕರುಣೆ ಉಕ್ಕಿ ಬಂದು, "ನನ್ನ ಸರದೀಲಿ ನೀವು ಹೋಗ್ಬನ್ನಿ" ಎಂದೆ.

"ಬೇಡಪ್ಪ, ನಂದಿನ್ನೂ ಮುಗಿದಿಲ್ಲ. ನೀವು ಹೇಳಿ, ಯಾವಾಗಿಂದ ಊದಿದೆ? ಮನೇಲಿ ಏನಂತಾರೆ?"

ಹೇಳಿದೆ. ಮನೆಯಲ್ಲಿ ಏನನ್ನುತ್ತಾರೆ ಎಂಬುದನ್ನು ಅಗತ್ಯಕ್ಕಿಂತ ಕೊಂಚ ಹೆಚ್ಚೇ ಹೇಳಿದೆ. ಸ್ವಲ್ಪ ದಿನದಲ್ಲಿ ನನ್ನ ಹೆಂಡತಿ ಒಂದು ವಾರಪತ್ರಿಕೆಯನ್ನು ನನ್ನ ಮೂಗಿನ ಮುಂದೆ ಹಿಡಿದಳು. ಅದರ ಧಾರಾವಾಹಿಯಲ್ಲಿ ಕೆನ್ನೆ ಊದಿದ ಗುಮಾಸ್ತನೊಬ್ಬ, ಹೆಂಡತಿ ಕೊಟ್ಟ ಲವಂಗವನ್ನು ಕಿಟಕಿಯಾಚೆ ಎಸೆದು, 'ನಿನ್ನ ಮಾತಿಗಿಂತ ಹಲ್ಲುನೋವೇ ವಾಸಿ' ಎಂದಿದ್ದ.

"ಯಾರೋ ನಿಮ್ಮ ಥರಾನೇ ಇದ್ದಾನಲ್ಲ?" ಎಂದಳು ನನ್ನವಳು. ಅವತ್ತಿಡೀ ನನಗೆ ಹಲ್ಲುನೋವು ನೆನಪಾಗಲಿಲ್ಲ.

ಆಮೇಲೆ ಗೊತ್ತಾಯಿತು: ಆಕೆ ರೋಗಿಯಲ್ಲ, ಲೇಖಕಿ. ಊರಿಗೆಲ್ಲ 'ಅಷ್ಟರಲ್ಲಿ ಅಕ್ಕ'. ಆಕೆಯ ಪ್ರತಿ ಕಂತೂ ಆ ಪದದಲ್ಲೇ ನಿಲ್ಲುತ್ತದೆ. 'ಅವಳು ಕಾಗದ ಒಡೆದಳು. ಅಷ್ಟರಲ್ಲಿ…' 'ಅವನು ಬಾಯಿ ತೆರೆದ. ಅಷ್ಟರಲ್ಲಿ…' ಓದುಗರು ಏಳು ದಿನ ಉಗುರು ಕಚ್ಚಬೇಕು.

ಈ ಪದ ಆಕೆಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸಿಕ್ಕಿದ್ದು. ತಂತಿ ಚುಚ್ಚಿ ಕರೆ ಜೋಡಿಸುತ್ತಿದ್ದ ಕಾಲದಲ್ಲಿ ಆಕೆ ಆಪರೇಟರ್ ಆಗಿದ್ದರು. "ಲೈನ್ ಸಿಕ್ತಾ ಅಂತ ಒಂದೆರಡು ಮಾತು ಕೇಳಿಸ್ಕೋಬೇಕಿತ್ತು. 'ಅಪ್ಪ, ನಾನು ಅವನನ್ನೇ…' ಅಂತ ಒಂದು ಹುಡುಗಿ ಅನ್ನೋಳು. ಅಷ್ಟರಲ್ಲಿ ಬೋರ್ಡಲ್ಲಿ ಇನ್ನೊಂದು ಕರೆಯ ದೀಪ ಹತ್ಕೊಳ್ಳೋದು. ಅಪ್ಪ ಏನಂದ? ದೇವ್ರಿಗೇ ಗೊತ್ತು." ಹೀಗೆ ಊರಿನ ಅರ್ಧ ಜನರ ಕಥೆಯ ಮೊದಲು ಮಾತ್ರ ಅಕ್ಕನ ಹತ್ತಿರ ಉಳಿಯಿತು, ಕೊನೆ ಒಂದೂ ಇಲ್ಲ.

ನಿವೃತ್ತಿಯಾದ ಮೇಲೆ ಗಂಡ ಪ್ರೀತಿಯಿಂದ ಬರೆಯುವ ಮೇಜು ಮಾಡಿಸಿಕೊಟ್ಟರು. ದೀಪ, ಖಾನೆ, ಕಾಲಿಡಲು ಮಣೆ ಎಲ್ಲ ಇತ್ತು. ಅಕ್ಕ ಕುಳಿತರು, ನಿದ್ದೆ ಬಂತು. ಈಗ ಅದರ ಮೇಲೆ ಇಸ್ತ್ರಿ ಬಟ್ಟೆ ಇರುತ್ತದೆ. ಹಲ್ಲಿದ್ದವರಿಗೆ ಕಡಲೆ ಇಲ್ಲವಂತೆ. ಅಕ್ಕನಿಗೆ ಮೇಜಿದ್ದಲ್ಲಿ ಕಥೆ ಇಲ್ಲ. ಕಥೆ ಸಿಕ್ಕಿದ್ದು, ಯಾರದೋ ಜೊತೆಗೆಂದು ಹೋಗಿ ಕುಳಿತ ದಂತವೈದ್ಯರ ಹೊರಕೋಣೆಯಲ್ಲಿ. "ಹಲ್ಲುನೋವಿರೋರಿಗೆ ಸುಳ್ಳು ಹೇಳೋ ತ್ರಾಣ ಇರಲ್ಲ" ಎನ್ನುತ್ತಾರೆ.

ಅಲ್ಲಿ ಕುಳಿತು ಪಾತ್ರಗಳ ಮಾತನ್ನೆಲ್ಲ ತುಟಿಯಲ್ಲಿ ಆಡಿಕೊಂಡೇ ಬರೆಯುತ್ತಾರೆ. ತುಟಿ ಆಡದ ಮಾತನ್ನು ಪೆನ್ಸಿಲ್ ಮುಟ್ಟುವುದಿಲ್ಲ. 'ಮುಗುಳ್ನಗೆ' ಎಂಬ ಪದ ಕಂಡರೆ ಆಗದು. ಆ ಕೋಣೆಯಲ್ಲಿ ಯಾರೂ ಹಾಗೆ ನಕ್ಕದ್ದನ್ನು ಅಕ್ಕ ಕಂಡಿಲ್ಲವಂತೆ.

ಸಂಕಟ ಬಂದದ್ದು ಕೋಣೆಗೆ ಹೊಸ ಬಣ್ಣ ಹೊಡೆದಾಗ. ಡಾಕ್ಟರು ಕುರ್ಚಿ ಕಡಿಮೆ ಮಾಡಿದರು. ರೋಗಿಗಳು ನಿಂತಿರುವಾಗ ಲೇಖಕಿ ಕುಳಿತಿರುವುದು ಅವರಿಗೆ ಸರಿಕಾಣಲಿಲ್ಲ.

"ಅಕ್ಕ, ತಪ್ಪು ತಿಳ್ಕೋಬೇಡಿ. ಇನ್ಮೇಲೆ ಹಲ್ಲುನೋವಿರೋರಿಗೆ ಮಾತ್ರ ಕುರ್ಚಿ."

ಆಗ ಅಕ್ಕನ ನಾಯಕಿ ಪೆಟ್ಟಿಗೆ ಹಿಡಿದು ಮನೆಬಿಟ್ಟು ರೈಲ್ವೆ ಪ್ಲಾಟ್‌ಫಾರಂ ಮೇಲೆ ನಿಂತಿದ್ದಳು. ಗಂಡ ಓಡಿ ಬರುತ್ತಿದ್ದ. ಮುಂದೇನೆಂದು ಅಕ್ಕನಿಗೇ ಗೊತ್ತಿರಲಿಲ್ಲ. ಸಂಪಾದಕರು ಫೋನಿನಲ್ಲಿ ಬೆದರಿಸಿದ್ದರು: "ಈ ತಿಂಗಳಲ್ಲಿ ಮುಗಿಸ್ದಿದ್ರೆ ನಾನೇ ಮುಗಿಸ್ತೀನಿ. ಗಂಡ ಕೈ ಹಿಡೀತಾನೆ, ಇವಳು ಅಳ್ತಾಳೆ, ಮನೆಗೆ ಹೋಗ್ತಾರೆ. ಮುಗೀತು!" ತಾನು ಸಾಕಿದ ಹುಡುಗಿಯನ್ನು ಆ ಮನುಷ್ಯನ ಕೈಗೆ ಕೊಡುವುದೇ?

"ಡಾಕ್ಟ್ರೇ, ನನ್ನ ಒಂದು ಹಲ್ಲು ಹುಳುಕಾಗಿದೆ. ಕಿತ್ರೆ ಎಷ್ಟು ಸಲ ಬರ್ಬೇಕು?"

"ಒಂದೇ ಸಲ."

"ಕೀಳ್ದೆ ಸರಿಮಾಡಿದ್ರೆ?"

"ಅದು ರೂಟ್ ಕೆನಾಲು. ನಾಲ್ಕೈದು ಸಲ ಆಗುತ್ತೆ."

"ಅದೇ ಇರ್ಲಿ. ಅವಸರ ಏನಿಲ್ಲ, ನಿಧಾನಕ್ಕೆ ಮಾಡಿ. ನಾನು ಬೆಳಿಗ್ಗೇನೇ ಬಂದು ಕೂತಿರ್ತೀನಿ."

ಹೀಗೆ ಸಾಹಿತ್ಯಕ್ಕಾಗಿ ಹಲ್ಲು ಒತ್ತೆಯಿಟ್ಟು ಕುರ್ಚಿ ಉಳಿಸಿಕೊಂಡರು. ಆದರೆ ಕೊನೆ ಸಿಗಲಿಲ್ಲ. ಚಿಕಿತ್ಸೆಯ ಕಡೇ ದಿನವೇ ಸಂಪಾದಕರ ಗಡುವೂ ಬಂತು. ಅವತ್ತು ನಾನೂ ಅಲ್ಲಿದ್ದೆ. ಒಳಗೆ ಡಾಕ್ಟರು ಅಕ್ಕನ ಬಾಯಿಗೆ ಹತ್ತಿ, ಕೊಳವೆ ಎಲ್ಲ ತುರುಕಿ, "ಅಲ್ಲಕ್ಕ, ಆ ಹುಡುಗಿ ವಾಪಸ್ ಹೋಗ್ತಾಳೋ ಇಲ್ವೋ?" ಎಂದು ಕೇಳಿದ್ದು ಹೊರಗೆ ಕೇಳಿಸಿತು. "ಆಆ" ಎಂಬುದಷ್ಟೇ ಉತ್ತರ. ಡಾಕ್ಟರು ಅದನ್ನು ಹೌದೆಂದು ತಿಳಿದು, ಬಾಗಿಲಿನಿಂದ ತಲೆ ಹೊರಹಾಕಿ ನಮಗೆಲ್ಲ ಸಾರಿದರು.

ಅಕ್ಕ ಹೊರಬಂದಾಗ ಕೋಣೆ ಎರಡು ಪಕ್ಷವಾಗಿತ್ತು.

"ಹೋಗ್ಲಿ ಬಿಡಿ ಅಕ್ಕ, ಕ್ಷಮಿಸ್ಬಿಡ್ಲಿ. ಗಂಡಸು, ಓಡಿ ಬೇರೆ ಬಂದಿದ್ದಾನೆ" ಎಂದ ಒಬ್ಬ.

"ಓಡ್ಬಂದ್ರೆ ಏನು ಪದಕ ಕೊಡ್ಬೇಕಾ?" ಎಂದಳು ದವಡೆಗೆ ಟವೆಲ್ ಕಟ್ಟಿಕೊಂಡಿದ್ದ ಹೆಂಗಸು. "ಚೆನ್ನಾಗಿ ಬೈಲಿ ಅಕ್ಕ, ನಾನ್ ಹೇಳ್ತೀನಿ ಬರ್ಕೊಳ್ಳಿ!"

ಅಕ್ಕ ಉತ್ತರಿಸಲು ಬಾಯಿ ತೆರೆದರು. ತುಟಿ ಅರ್ಧ ಬಂತು, ಅರ್ಧ ಬರಲಿಲ್ಲ. ಕುರ್ಚಿಯಲ್ಲಿ ಕುಳಿತು ರಟ್ಟು ತೆಗೆದರು. ಹಾಳೆಯ ಮೇಲೆ, 'ಮನೆಗೆ ನಡಿ' ಎಂದ ನಾಯಕಿಯ ಗಂಡ. ನಾಯಕಿ ಏನೆಂದಳು? ಅಕ್ಕ ತುಟಿ ಅಲುಗಿಸಲು ನೋಡಿದರು, ಗದ್ದ ಮುಟ್ಟಿಕೊಂಡರು, ಗೋಡೆ ಗಡಿಯಾರ ನೋಡಿದರು. ಆಮೇಲೆ ಸರಸರ ಬರೆದು, ಹಾಳೆ ಮಡಚಿ ಎದ್ದುಹೋದರು.

'ಅವಳು ಏನೂ ಹೇಳಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ರೈಲು ಹತ್ತಿದಳು. ರೈಲು ಹೊರಟಿತು.' ಕೊನೆಯಲ್ಲಿ 'ಅಷ್ಟರಲ್ಲಿ' ಇರಲಿಲ್ಲ.

ಪತ್ರಿಕೆಗೆ ಕಾಗದಗಳ ಸುರಿಮಳೆಯಾಯಿತು. ಎಂಥ ಮೌನ, ಮಾತಿಗಿಂತ ಹರಿತವಾದ ಮೌನ! ಸಂಪಾದಕರೂ ಮೊದಲಿನಿಂದ ತಮ್ಮ ಮನಸ್ಸಿನಲ್ಲಿದ್ದದ್ದೂ ಇದೇ ಕೊನೆ ಎಂದರು. ಗ್ರಂಥಾಲಯದಲ್ಲಿ ಸಭೆ ಏರ್ಪಾಡಾಗಿ, ನನ್ನನ್ನೂ ನಾಲ್ಕು ಮಾತಾಡಲು ಕರೆದರು. ಅಷ್ಟು ಜನ ಮೌನ ಮೌನ ಎಂದಮೇಲೆ ನನಗೂ ಅದು ಪಾತಾಳದಷ್ಟು ಆಳವಾಗಿ ಕಂಡಿತ್ತು. ಕನ್ನಡಕ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಕೇಳಿದೆ:

"ಅಕ್ಕ, ನಾಯಕಿಯ ಆ ಮಹಾಮೌನದ ಹಿಂದೆ ನಿಜವಾಗಿ ಇದ್ದದ್ದಾದರೂ ಏನು?"

"ಇಂಜೆಕ್ಷನ್ನು" ಎಂದರು ಅಕ್ಕ. "ಪಕ್ಕದಲ್ಲೇ ಕೂತಿದ್ರಲ್ಲಪ್ಪ, ತುಟಿ ಮರಗಟ್ಟಿದ್ದು ಕಾಣ್ಲಿಲ್ವಾ?"