ಅಣ್ಣನ ದಪ್ಪ ಅಕ್ಷರ

ನಮ್ಮಣ್ಣ ಜಗಮೊಂಡ. ನಾನೇನೂ ಕಮ್ಮಿಯಲ್ಲ, ಅದು ಬೇರೆ ಮಾತು. ಅಮ್ಮ ತೀರಿಕೊಂಡ ವರ್ಷ ಅವಳ ಹೊಲಿಗೆ ಯಂತ್ರವನ್ನು ನನ್ನನ್ನೊಂದು ಮಾತು ಕೇಳದೆ ಯಾರಿಗೋ ಎತ್ತಿಕೊಟ್ಟ. ಅವತ್ತು ನಾನು ಮಾತು ಬಿಟ್ಟೆ, ಅವನೂ ಬಿಟ್ಟ. ಏಳು ವರ್ಷವಾಯಿತು. ಮದುವೆಯಾಗದ ಇಬ್ಬರು, ಎರಡು ಕೋಣೆ, ಒಂದು ಅಡುಗೆಮನೆ, ನಡುಮನೆಯಲ್ಲೊಂದು ಕಂಪ್ಯೂಟರ್.

ಆ ಕಂಪ್ಯೂಟರೇ ನಮ್ಮಿಬ್ಬರ ಬಾಯಿ. ಅಣ್ಣ ವಾಚ್ ರಿಪೇರಿಯವನು. ಹಳೆಯ ಭಾಗಗಳನ್ನು ಕೂಡಿಸಿ ತಾನೇ ಅದನ್ನು ಜೋಡಿಸಿದ್ದ. ಅದರ ಡೆಸ್ಕ್‌ಟಾಪಿನ ಮೇಲೆ ಒಬ್ಬರಿಗೊಬ್ಬರು ಚೀಟಿ ಟೈಪು ಮಾಡಿಡುತ್ತಿದ್ದೆವು. 'ಗ್ಯಾಸ್ ತೀರಿದೆ.' 'ನಲ್ಲಿಗೆ ವಾಷರ್ ತಂದಿದ್ದೇನೆ.' 'ನಿನಗೆ ಕೆಮ್ಮು ಜಾಸ್ತಿಯಾಗಿದೆ.' ಈ ಕೊನೆಯದನ್ನು ಅವನು ಬರೆದು ನಾಲ್ಕು ವರ್ಷವಾಯಿತು. ನಾನು ಉತ್ತರ ಬರೆಯಲಿಲ್ಲ, ಅಳಿಸಲೂ ಇಲ್ಲ.

ಹೋದ ವರ್ಷ ಅವನು ಪರದೆಯ ಅಕ್ಷರಗಳನ್ನೆಲ್ಲ ಕುಂಬಳಕಾಯಿ ಗಾತ್ರ ಮಾಡಿಟ್ಟ. ನನ್ನನ್ನು ಕೆಣಕಲಿಕ್ಕೇ ಮಾಡಿದ್ದಾನೆಂದು ಹಲ್ಲು ಕಚ್ಚಿ ಸುಮ್ಮನಿದ್ದೆ. ಅದೇ ವರ್ಷ ಅಂಗಡಿಯನ್ನೂ ಮುಚ್ಚಿದ. ಪಕ್ಕದ ಮನೆಯಾಕೆ ಯಾಕೆಂದು ಕೇಳಿದ್ದಕ್ಕೆ, "ಈಗ ವಾಚ್ ಯಾರು ಕಟ್ತಾರಮ್ಮ?" ಅಂದದ್ದು ನನಗೂ ಕೇಳಿಸಿತು.

ಕೆಲಸವಿಲ್ಲದ ಕೈ ಸುಮ್ಮನಿರುತ್ತದೆಯೇ? ಕಂಪ್ಯೂಟರ್ ನಿಧಾನವಾಯಿತೆಂದು ಒಂದು ಮಂಗಳವಾರ ವಾಚಿನ ಧೂಳು ತೆಗೆಯುವ ಹಾಗೆ ಅದನ್ನೂ ಚೊಕ್ಕಟ ಮಾಡಲು ಹೊರಟ. ಬೇಡವೆಂದು ಕಂಡ ಪ್ರೋಗ್ರಾಂಗಳನ್ನೆಲ್ಲ ಕಿತ್ತ. ಒಳಗೆ ಅಡಗಿದ್ದ ಸೆಟ್ಟಿಂಗುಗಳನ್ನೂ ಗುಡಿಸಿ ಹಾಕಿದ. ನಾನು ಆಫೀಸಿನಿಂದ ಬರುವಷ್ಟರಲ್ಲಿ ಡೆಸ್ಕ್‌ಟಾಪೇ ಇರಲಿಲ್ಲ. ಕಪ್ಪು ಪರದೆ, ಮೂಲೆಯಲ್ಲಿ ಮಿಟುಕುವ ಒಂದು ಗೆರೆ. ಅಣ್ಣ ಅದರ ಮುಂದೆ ಕುಳಿತಿದ್ದ.

'ಏನೇನು ತೆಗೆದೆ?' ಎಂದು ಕಾಗದದಲ್ಲಿ ಬರೆದಿಟ್ಟೆ. ಅವನು ಅದರ ಮೇಲೆ ಲೋಟ ಇಟ್ಟು ಎದ್ದುಹೋದ. ಮರುದಿನ ಇನ್ನೊಂದು ಬರೆದೆ, ಅದೂ ಅಲ್ಲೇ ಬಿದ್ದಿತ್ತು. ಮೈಯೆಲ್ಲ ಉರಿಯಿತು. ಗುರುವಾರ ತಟ್ಟೆ ತೊಳೆಯುವಾಗ ಉರಿ ಇಳಿದು ಭಯ ಹತ್ತಿತು. ಗೋಡೆಯಾಚೆ ಅವನು ಕುರ್ಚಿ ಎಳೆಯುವ ಸದ್ದು ಬಿಟ್ಟರೆ ನನಗೆ ಬೇರೆ ಯಾರಿದ್ದಾರೆ? ಇದು ಸರಿಹೋಗದಿದ್ದರೆ ಇಬ್ಬರೂ ಹೀಗೇ ಮೂಕರಾಗಿ ಸಾಯುತ್ತೇವೆ ಅನ್ನಿಸಿತು.

ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವಾಕೆ ಏನೇನು ಟೈಪು ಮಾಡಬೇಕೆಂದು ಸಾಲುಸಾಲಾಗಿ ಬರೆದುಕೊಟ್ಟಳು.

"ಒಂದಕ್ಷರ ತಪ್ಪಿದ್ರೂ ಅದು ಬಯ್ಯತ್ತೆ, ಬೇಜಾರು ಮಾಡ್ಕೋಬೇಡಿ."

"ಬಯ್ಲಿ ಬಿಡಮ್ಮ. ಯಾರಾದ್ರೂ ಮಾತಾಡಿದ ಹಾಗಾಯ್ತು," ಅಂದೆ.

ಶನಿವಾರ ಬೆಳಿಗ್ಗೆ ಅಣ್ಣ ತಿರುಗಾಡಲು ಹೋದಾಗ ಕುಳಿತೆ. ಆ ಗೆರೆಯ ಮುಂದೆ ಹೆಸರು, ಪಾಸ್‌ವರ್ಡ್ ಕೊಟ್ಟು ಕಡತಗಳ ಪಟ್ಟಿ ಕೇಳಿದೆ. ಚೀಟಿಗಳೆಲ್ಲ ಹಾಗೇ ಇದ್ದವು. ಅವನ್ನು ತೋರಿಸುವ ಡೆಸ್ಕ್‌ಟಾಪ್ ಮಾತ್ರ ಇರಲಿಲ್ಲ. ಅದನ್ನು ಹೊಸದಾಗಿ ಇಳಿಸುವ ಸಾಲನ್ನು ನೋಡಿಕೊಂಡು ಟೈಪು ಮಾಡಿದೆ. ಅರ್ಧ ಗಂಟೆ ಸಾಲುಗಳು ಓಡಿದವು. ಮತ್ತೆ ಚಾಲೂ ಮಾಡಿದಾಗ ಎಲ್ಲ ಬಂತು. ಅಕ್ಷರ ಮಾತ್ರ ಸಾಸಿವೆ ಕಾಳಿನಷ್ಟು. ಒಂದು ಚೀಟಿ ಬರೆದಿಟ್ಟು ನನ್ನ ಕೋಣೆಯ ಬಾಗಿಲಲ್ಲಿ ನಿಂತೆ.

ಅಣ್ಣ ಬಂದು ಕುಳಿತ. ಪರದೆಯ ಬೆಳಕು ಕಂಡು ಮುಖ ಅರಳಿತು. ಕನ್ನಡಕ ಹಾಕಿದ, ತೆಗೆದ. ಮೂಗು ಗಾಜಿಗೆ ತಾಗುವಷ್ಟು ಬಗ್ಗಿದ. ಖಾನೆಯಿಂದ ವಾಚಿನ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ಸ್ವಲ್ಪ ಹೊತ್ತು ತಡಕಾಡಿದ. ಆಮೇಲೆ ಅದನ್ನು ಕಳಚಿ ಮೇಜಿನ ಮೇಲಿಟ್ಟ. ಕೂದಲೆಳೆಯಂಥ ಸ್ಪ್ರಿಂಗ್ ಎತ್ತಿ ಕೂರಿಸುತ್ತಿದ್ದ ಕಣ್ಣು ಅದು.

ಅಂಗಡಿ ಮುಚ್ಚಿದ್ದು ಯಾಕೆ, ಕಾಗದದ ಮೇಲೆ ಲೋಟ ಇಟ್ಟಿದ್ದು ಯಾಕೆ, ಈಗ ತಿಳಿಯಿತು. ಒಂದೇ ಸೂರಿನಡಿ ಇದ್ದೂ ನನಗೆ ಗೊತ್ತಾಗಲಿಲ್ಲವಲ್ಲ ಎಂದು ನಾಚಿಕೆಯಾಯಿತು.

"'ಸರಿ ಮಾಡಿದೀನಿ, ಇನ್ಮೇಲೆ ಕೈ ಹಾಕ್ಬೇಡ' ಅಂತ ಬರ್ದಿದೀನಿ," ಅಂದೆ.

ಅವನು ತಿರುಗಲಿಲ್ಲ. ಪರದೆಯತ್ತ ಬೆರಳು ತೋರಿಸಿ, "ಅದರ ಕೆಳಗಡೆ?" ಅಂದ.

"ನೀನು ಬರ್ದಿದ್ದು. ನಂಗೆ ಕೆಮ್ಮು ಜಾಸ್ತಿಯಾಗಿದೆಯಂತೆ."

"ಕಮ್ಮಿ ಆಯ್ತಾ?"

"ಆಗ್ಲೇ ಆಯ್ತು." ಹತ್ತಿರ ಹೋಗಿ ಮೌಸ್ ಹಿಡಿದೆ. "ಸ್ವಲ್ಪ ಪಕ್ಕಕ್ಕೆ ಸರಿ, ಅಕ್ಷರ ದೊಡ್ಡದು ಮಾಡ್ಕೊಡ್ತೀನಿ."

ಅವನು ನನ್ನ ಕೈಯ ಮೇಲೆ ಕೈಯಿಟ್ಟ.

"ಬೇಡ. ಹಾಗೇ ಇರ್ಲಿ. ನೀನೇ ಓದು."

ಕುರ್ಚಿ ಎಳೆದುಕೊಂಡು ಗ್ಯಾಸಿನ ಚೀಟಿಯಿಂದ ಶುರುಮಾಡಿದೆ.