ಎಲ್ಲಾ ಪ್ರಶ್ನೆಗೂ "ಅಡ್ಡಿಲ್ಲೆ"

ಕುಂದಾಪುರದ ರಘುರಾಮ ಲಂಡನ್ನಿನ ಈಸ್ಟ್ ಹ್ಯಾಮಿನ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ದೋಸೆ ಹೊಯ್ದವನು. ಯಾರು ಏನೇ ಕೇಳಲಿ, "ಅಡ್ಡಿಲ್ಲೆ" ಅಂದುಬಿಡುವ ಚಟ. ತೊಂದರೆಯೇನಿಲ್ಲ ಎಂದರ್ಥ. 2017ರಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಸೋತಿತು. ಮಾತು ಉಳಿಯಿತು, ಪುಣ್ಯ. ಆದರೆ ಮನುಷ್ಯ ಪೂರ್ತಿ ಮಂಕಾದ. ಊಟ ಬೇಡ, ಸ್ನಾನ ಬೇಡ, ದಿನವಿಡೀ ಗೋಡೆ ನೋಡುತ್ತ ಕೂರುವುದೇ ಕೆಲಸ. ಹೆಂಡತಿ ಗುಲಾಬಿಗೆ ಜೀವ ಬಾಯಿಗೆ ಬಂದಿತ್ತು.

ಅಲ್ಲಿನ ಆಸ್ಪತ್ರೆಯವರು ಆಗ ಒಂದು ಸಂಶೋಧನೆ ನಡೆಸುತ್ತಿದ್ದರು. ಪಾರ್ಶ್ವವಾಯುವಿನ ನಂತರ ಖಿನ್ನತೆಗೆ ಬಿದ್ದವರ ಉತ್ತರಗಳನ್ನು ಕಂಪ್ಯೂಟರಿಗೆ ಕೊಟ್ಟರೆ, ಅದು ಹಳೆಯ ನೂರಾರು ರೋಗಿಗಳ ವಿವರಕ್ಕೆ ಹೋಲಿಸಿ, ಮಾತಾಡಿಸಿ ಮನಸ್ಸು ಹಗುರ ಮಾಡುವ ಚಿಕಿತ್ಸೆ ಯಾರಿಗೆ ನಾಟೀತು ಎಂದು ಅಂದಾಜು ಹೇಳುತ್ತಿತ್ತು. ಮನೆಗೆ ಬಂದು ಪ್ರಶ್ನೆ ಕೇಳಿದವಳು ಆ ಸಂಶೋಧನೆಯಲ್ಲಿದ್ದ ಬೆಂಗಳೂರಿನ ಸಿರಿಶಾ. ನಿದ್ದೆ? ಅಡ್ಡಿಲ್ಲೆ. ಹಸಿವು? ಅಡ್ಡಿಲ್ಲೆ. ಬೇಸರ? ಅದೂ ಅಡ್ಡಿಲ್ಲೆ! ಪಾಪ, ಅಷ್ಟು ದೂರದಿಂದ ಬಂದ ಹುಡುಗಿಯ ಎದುರು ಗೋಳು ತೋಡಿಕೊಂಡರೆ ಮರ್ಯಾದೆಯೇ ಎಂದು ಅವನ ಎಣಿಕೆ. ಮರ್ಯಾದೆಯಂತೆ, ಮಣ್ಣಂಗಟ್ಟಿ!

ಮುಂದಿನ ವಾರ ಸಿರಿಶಾ ಸಪ್ಪೆ ಮುಖ ಹೊತ್ತು ಬಂದಳು. "ಇವರಿಗೆ ಚಿಕಿತ್ಸೆಯಿಂದ ಪ್ರಯೋಜನ ಆಗೋದು ಕಷ್ಟ ಅಂತ ಬಂದಿದೆ ಆಂಟಿ. ಇರೋದೇ ಕೆಲವು ಜಾಗ, ಬೇರೆಯವರಿಗೆ ಹೋಗುತ್ತೆ."

ಗುಲಾಬಿ ಗಂಡನ ಮೇಲೆ ಕೆಂಡವಾದಳು. "ಹ್ವಾಯ್! ನಿನ್ನೆ ನನ್ನ ಹತ್ರ ಹೇಳಿದ್ ಎಂತ? ಅದನ್ನ ಈ ಹುಡ್ಗಿ ಎದ್ರ್ ಹೇಳಿ ಕಾಂಬ! ಕಂಪ್ಯೂಟ್ರಿಗೆ ನಿಮ್ಮ ಮುಖ ಕಾಣತ್ತಾ?"

ರಘುರಾಮ ತಲೆ ತಗ್ಗಿಸಿ ಮೆಲ್ಲಗೆ, "ಬೆಳಿಗ್ಗೆ ಎಚ್ಚರ ಆಪ್ದೇ ಬ್ಯಾಡ ಅಂತ ಕಾಣತ್ತ್," ಅಂದ. ಅಂದವನೇ ಬಿಕ್ಕಿ ಬಿಕ್ಕಿ ಅತ್ತ.

ಸಿರಿಶಾಳ ಕಣ್ಣೂ ತುಂಬಿತು. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಮೊದಲಿನಿಂದ ಮತ್ತೆ ಎಲ್ಲಾ ಪ್ರಶ್ನೆ ಕೇಳಿದಳು. ಈ ಸಲ ಒಂದೂವರೆ ಗಂಟೆ ಹಿಡಿಯಿತು. ಕಂಪ್ಯೂಟರಿನ ಉತ್ತರ ಬದಲಾಯಿತು: ಇಂಥ ಹತ್ತು ಜನರಲ್ಲಿ ಆರು ಮಂದಿಗೆ ಚಿಕಿತ್ಸೆ ನಾಟುತ್ತದೆ.

"ಅಂದಾಜು ಅಷ್ಟೇ ಅಂಕಲ್, ನಾಲ್ಕು ಜನಕ್ಕೆ ಆಗೋದಿಲ್ಲ," ಎಂದಳು ಸಿರಿಶಾ.

"ಆರ್ ಸಾಕ್," ಎಂದಳು ಗುಲಾಬಿ.

ಜಾಗ ಸಿಕ್ಕಿತು. ಪ್ರತಿ ಬುಧವಾರ ಚಿಕಿತ್ಸೆ. ಮೊದಲ ಐದು ವಾರ ಏನೂ ಬದಲಾಗಲಿಲ್ಲ. ತಾನು ಆ ನಾಲ್ವರಲ್ಲೊಬ್ಬನೇ ಎಂದು ರಘುರಾಮ ಗೊಣಗಿದ. ಎಂಟನೆಯ ಬುಧವಾರ ಮನೆಗೆ ಬಂದವನು ಸೀದಾ ಅಡುಗೆಮನೆಗೆ ಹೋಗಿ, ಗುಲಾಬಿಯ ಮುಖವನ್ನೇ ನೋಡುತ್ತ ಕೇಳಿದ: "ನೀ ಹ್ಯಾಂಗಿದ್ದಿ? ಬಾಳ ಸೋತ್ಯಲ್ದಾ?"

ಇಷ್ಟು ತಿಂಗಳಲ್ಲಿ ಅವಳನ್ನು ಹಾಗೆ ಯಾರೂ ಕೇಳಿರಲಿಲ್ಲ. ಗುಲಾಬಿ ಒಲೆ ಆರಿಸಿ, ಕುರ್ಚಿಯಲ್ಲಿ ಕುಸಿದು, ತಡೆದಿಟ್ಟ ಅಳುವನ್ನೆಲ್ಲ ಅತ್ತಳು. ಅವಳು ಅತ್ತು ಮುಗಿಸುವವರೆಗೂ ಪಕ್ಕದಲ್ಲಿ ಕೂತ ಅವನು ಏಳಲಿಲ್ಲ.