ಮಗಳ ಮಣ್ಣಿನಲ್ಲಿಟ್ಟ ಬೋನು

ಸ್ವೀಡನ್ನಿನ ಲುಂಡ್ ಊರಿನ ಕನ್ನಡದವರಲ್ಲಿ ಯಾರನ್ನು ಕೇಳಿದರೂ ಪ್ರಭಾಕರನಿಗೆ ಪಾರ್ಕಿನಲ್ಲಿ ಕೆಲಸ ಎಂದೇ ಹೇಳುತ್ತಿದ್ದರು. ಗಿಡ, ಹುಲ್ಲು, ಮರ ನೋಡಿಕೊಂಡು ಆರಾಮಾಗಿದ್ದಾನೆ, ಮೀಟಿಂಗಿನ ಕಾಟವಿಲ್ಲ ಎಂದು ಒಂದಿಷ್ಟು ಹೊಟ್ಟೆಕಿಚ್ಚು ಬೆರೆಸಿ ಹೇಳುವವರೂ ಇದ್ದರು. ಗಿಡ, ಹುಲ್ಲು, ಮರ ಎಲ್ಲವೂ ನಿಜ. ಅವೆಲ್ಲ ಇದ್ದದ್ದು ಸ್ಮಶಾನದಲ್ಲಿ ಎಂಬುದನ್ನು ಮಾತ್ರ ಅವನೂ ಹೇಳಿರಲಿಲ್ಲ, ಅವನ ಹೆಂಡತಿ ಜಾನಕಿಯೂ ಹೇಳಿರಲಿಲ್ಲ.

ಹೇಳಿದ್ದರೆ ಏನಾಗುತ್ತಿತ್ತು? ನಮ್ಮ ಜನ ಎದುರಿಗೆ ಏನೂ ಅನ್ನುವುದಿಲ್ಲ. ಮುಂದಿನ ಸತ್ಯನಾರಾಯಣ ಪೂಜೆಗೆ ಕರೆಯುವುದನ್ನು ಮರೆತುಬಿಡುತ್ತಾರೆ, ಅಷ್ಟೆ.

ಬೆಂಗಳೂರಿನಲ್ಲಿ ಅವನಿಗೆ ಹೆಸರಘಟ್ಟ ರಸ್ತೆಯಲ್ಲೊಂದು ಪುಟ್ಟ ನರ್ಸರಿ ಇತ್ತು. ಜಾನಕಿಗೆ ಸ್ವೀಡನ್ನಿನ ಕೆಲಸ ಸಿಕ್ಕಾಗ ಅದನ್ನು ಮುಚ್ಚಿ, ಅವಳ ವರ್ಕ್ ಪರ್ಮಿಟ್ಟಿನ ಬಾಲ ಹಿಡಿದು ಬಂದವನು. ಬಂದ ಮರುವರ್ಷ ಇರಾ ಹುಟ್ಟಿದಳು. ಏಳು ತಿಂಗಳಿಗೇ ಹುಟ್ಟಿ, ಮೂರು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು, ಹೊರಟುಹೋದಳು. ಹಾಲುಗೂಸನ್ನು ಅವರ ಕಡೆ ಸುಡುವುದಿಲ್ಲ, ಮಣ್ಣಿಗೆ ಕೊಡುತ್ತಾರೆ. ಹೆಂಗಸರು, ಅದರಲ್ಲೂ ಬಾಣಂತಿ, ಅಲ್ಲಿಗೆ ಕಾಲಿಡಬಾರದು ಎಂದು ಜಾನಕಿಯ ತಾಯಿ ಫೋನಿನಲ್ಲೇ ಕಟ್ಟಪ್ಪಣೆ ಮಾಡಿದರು. ಅವಳು ಹೋಗಲಿಲ್ಲ. ಆಮೇಲೆ ತಡೆಯುವವರು ಯಾರೂ ಇಲ್ಲದಿದ್ದರೂ ಅವಳಿಗೆ ಹೋಗಲಾಗಲಿಲ್ಲ.

ಪ್ರಭಾಕರನಿಗೆ ಹೋಗದೆ ಇರಲಾಗಲಿಲ್ಲ. ದಿನಾ ಸೈಕಲ್ ತುಳಿದುಕೊಂಡು ಹೋಗಿ ಕೂರುತ್ತಿದ್ದ. ಸುಮ್ಮನೆ ಕೂತು ಗೊತ್ತಿಲ್ಲದ ಕೈ, ಮಗಳ ಗೋರಿಯ ಕಳೆ ಕಿತ್ತಾದ ಮೇಲೆ ಪಕ್ಕದ ಮಕ್ಕಳ ಗೋರಿಗಳ ಕಳೆಯನ್ನೂ ಕೀಳುತ್ತಿತ್ತು. ಅದನ್ನು ನೋಡಿದ ಅಲ್ಲಿನ ಹಿರಿಯ ತೋಟಗಾರ ಯೊರಾನ್ ಒಂದು ದಿನ ಅವನ ಕೈಗೊಂದು ಸನಿಕೆ ಕೊಟ್ಟ. ಮುಂದಿನ ವಸಂತಕ್ಕೆ ಅದೇ ನೌಕರಿಯಾಯಿತು.

ಸಂಜೆ ಮನೆಗೆ ಬಂದವನು ಯಾವುದನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗಬೇಕು. ಅದು ಜಾನಕಿಯ ಕಟ್ಟುನಿಟ್ಟು. ತಲೆಗೆ ನೀರು ಬಿದ್ದ ಮೇಲೆ ಕಾಫಿ. ಕಾಫಿ ಕೊಡುತ್ತಾ ಅವಳು, "ಇವತ್ತು ಹೇಗಿತ್ತು?" ಎನ್ನುವಳು. ಕೇಳುತ್ತಿದ್ದದ್ದು ಕೆಲಸದ ವಿಷಯವಲ್ಲವೆಂದು ಅವನಿಗೆ ಗೊತ್ತು. ಬಿಳಿ ಹೂ ಬಿಟ್ಟಿದೆ ಎನ್ನುವನು. ಕಲ್ಲಿನ ಮೇಲೆ ಗುಬ್ಬಿಯಂಥದ್ದೊಂದು ಹಕ್ಕಿ ಕೂತಿತ್ತು ಎನ್ನುವನು. ಗಂಡ ಹೆಂಡತಿ ಇಬ್ಬರೂ ಸೇರಿ ಮಗಳನ್ನು ಸಾಕಿದ್ದು ಹೀಗೆ.

ಆ ಸ್ಮಶಾನದ ದೊಡ್ಡ ತಲೆನೋವೆಂದರೆ ಮೋಲ್. ನೆಲದೊಳಗೇ ಬದುಕುವ, ಕಣ್ಣು ಇದ್ದೂ ಇಲ್ಲದಂತಿರುವ, ಮಖಮಲ್ಲಿನ ಮೈಯ ಪುಟ್ಟ ಪ್ರಾಣಿ. ಸುಂಡಿಲಿಗೆ ದೂರದ ನೆಂಟ ಅನ್ನಬಹುದು. ಅದು ಸುರಂಗ ಕೊರೆದ ಕಡೆಯೆಲ್ಲ ಹುಲ್ಲಿನ ಮೇಲೆ ಮಣ್ಣಿನ ಗುಪ್ಪೆಗಳೇಳುತ್ತವೆ, ಗೋರಿಯ ಕಲ್ಲುಗಳು ವಾಲುತ್ತವೆ. ಅದನ್ನು ಹಿಡಿಯುವುದನ್ನು ಯೊರಾನ್ ಅವನಿಗೆ ಕೈಹಿಡಿದು ಕಲಿಸಿದ್ದ. ಗುಪ್ಪೆಯ ಕೆಳಗೆ ಬೋನಿಡಬಾರದು. ಎರಡು ಗುಪ್ಪೆಗಳ ನಡುವೆ ನೇರ ಓಡುವ ಸುರಂಗ ಹುಡುಕಬೇಕು. ಅದನ್ನು ಕಾಲಿನಿಂದ ಅದುಮಿ ಬಿಡಬೇಕು; ಮಾರನೆಯ ದಿನ ಮತ್ತೆ ಉಬ್ಬಿದ್ದರೆ ಅದು ಓಡಾಡುವ ದಾರಿ. ಕೈಗವಸಿಗೆ ಅಲ್ಲಿನ ಮಣ್ಣನ್ನೇ ಉಜ್ಜಬೇಕು, ಮನುಷ್ಯರ ವಾಸನೆ ಹತ್ತಬಾರದು. ಸ್ಪ್ರಿಂಗ್ ಬೋನನ್ನು ಸುರಂಗದ ತಳಕ್ಕೆ ಸಮನಾಗಿ ಕೂರಿಸಿ, ಬೆಳಕಿನ ಎಳೆಯೂ ಒಳಗಿಳಿಯದಂತೆ ಹುಲ್ಲಿನ ಹೆಂಟೆ ಮುಚ್ಚಬೇಕು. ಸರಿಯಾಗಿ ಇಟ್ಟರೆ ಎದೆಗೆ ಬಡಿಯುತ್ತದೆ, ಅಲ್ಲಿಗೆ ಮುಗಿಯಿತು. ಅಡ್ಡಾದಿಡ್ಡಿ ಇಟ್ಟರೆ ಕಾಲಿಗೋ ಮೂತಿಗೋ ಕಚ್ಚಿ, ಅದು ನರಳಿ ನರಳಿ ಸಾಯುತ್ತದೆ.

"ಕೊಲ್ಲುವುದಾದರೆ ಅದಕ್ಕೆ ಗೊತ್ತಾಗದ ಹಾಗೆ ಕೊಲ್ಲಬೇಕು," ಎನ್ನುತ್ತಿದ್ದ ಯೊರಾನ್. "ಜೀವಂತ ಹಿಡಿಯುವುದಾದರೆ ಪಕ್ಕದಲ್ಲೇ ಕಾದಿರಬೇಕು. ಕೆಲವು ಗಂಟೆ ಹಸಿದಿದ್ದರೂ ಸಾಯುವ ಜೀವ ಅದು."

ಪ್ರಭಾಕರನ ಕೈಯಲ್ಲಿ ಒಂದೇ ಒಂದು ಮೋಲ್ ನರಳಿದ್ದಿಲ್ಲ.

ಈ ಚಳಿಗಾಲ ಜಾನಕಿಯ ಕಂಪನಿ ಜನರನ್ನು ತೆಗೆಯಿತು. ಬೇರೆ ಕೆಲಸ ಹುಡುಕಿಕೊಳ್ಳಲು ಸರ್ಕಾರ ಕೊಟ್ಟ ಮೂರು ತಿಂಗಳು ಲಿಂಕೋಪಿಂಗ್, ಲುಲೆಯೊ ಎಂದು ಊರೂರಿನ ಕಂಪನಿಗಳಿಗೆ ಇಂಟರ್‌ವ್ಯೂ ಕೊಡುವುದರಲ್ಲೇ ಕಳೆಯಿತು. ಎಲ್ಲೂ ಆಗಲಿಲ್ಲ. ಅವಳ ಪರ್ಮಿಟ್ ಹೋದರೆ ಅವನದೂ ಹೋಯಿತು. ಟಿಕೆಟ್ ತೆಗೆದದ್ದಾಯಿತು. ಸಾಮಾನು ಕಟ್ಟುತ್ತಾ ಕಟ್ಟುತ್ತಾ ಜಾನಕಿ ತಟ್ಟನೆ ಹೇಳಿದಳು: "ರೀ, ಹೋಗೋ ಮುಂಚೆ ಒಂದೇ ಒಂದ್ಸಲ ಅವಳನ್ನ ನೋಡ್ಬೇಕು. ಶನಿವಾರ ಊಟ ಮುಗಿಸ್ಕೊಂಡು ಹಾಗೇ ಕರ್ಕೊಂಡು ಹೋಗಿ."

ಶನಿವಾರ ಮಧ್ಯಾಹ್ನ ಕನ್ನಡದವರು ಅವರಿಗೊಂದು ಬೀಳ್ಕೊಡುಗೆಯ ಊಟ ಇಟ್ಟಿದ್ದರು.

ಹೂಂ ಎಂದನೇನೋ ನಿಜ, ಆದರೆ ಅವನ ಜೀವ ಹಾರಿಹೋಗಿತ್ತು. ಮೋಲ್ ಇರಾಳ ಹತ್ತಿರ ಬಂದು ಹದಿನೈದು ದಿನವಾಗಿತ್ತು. ಅವಳ ಪುಟ್ಟ ಕಲ್ಲು ಒಂದು ಪಕ್ಕಕ್ಕೆ ವಾಲಿತ್ತು. ಅವಳ ಮೇಲಿನ ಮಣ್ಣು ಕೆಳಗಿನಿಂದ ಯಾರೋ ತಳ್ಳಿದಂತೆ ಉಬ್ಬಿತ್ತು. ಅವನು ಸಂಜೆ ತುಳಿದು ಸಮ ಮಾಡಿದರೆ ಬೆಳಿಗ್ಗೆ ಮತ್ತೆ ಏಳುತ್ತಿತ್ತು. ಮೊದಲ ಸಲ ಬರುವ ತಾಯಿ ಇದನ್ನು ನೋಡಿದರೆ ತಡೆದುಕೊಳ್ಳುತ್ತಾಳೆಯೇ? ಶನಿವಾರದೊಳಗೆ ಅದನ್ನು ಹಿಡಿಯಲೇಬೇಕಿತ್ತು.

ಸ್ಪ್ರಿಂಗ್ ಬೋನು ಹಿಡಿದು ಮಂಡಿಯೂರಿದವನಿಗೆ ಕೈ ಬರಲಿಲ್ಲ. ಊರವರ ಗೋರಿಗಳಲ್ಲಿ ಎಷ್ಟೋ ಸಲ ಮಾಡಿದ ಕೆಲಸ. ಆದರೆ ಮಗಳ ಹಾಸಿಗೆಯಲ್ಲಿ ಒಂದು ಜೀವವನ್ನು ಕೊಲ್ಲುವುದೇ? ಯೊರಾನ್‌ನ ಶೆಡ್ಡಿನಲ್ಲಿ ಧೂಳು ಹಿಡಿದಿದ್ದ ಕೊಳವೆಯ ಬೋನನ್ನು ತಂದ. ಒಳಗೆ ಹೋಗಬಹುದು, ಹೊರಗೆ ಬರಲಾಗದು; ಜೀವಂತ ಸಿಗುತ್ತದೆ. ಹಿಡಿಯಷ್ಟು ಎರೆಹುಳ ಒಳಗೆ ಹಾಕಿ ಹೂತ. ಎರಡು ದಿನ ಗಳಿಗೆಗೊಮ್ಮೆ ಹೋಗಿ ನೋಡಿದ. ಖಾಲಿ. ಶನಿವಾರ ಬೆಳಿಗ್ಗೆಯೂ ಖಾಲಿ. ಆಗಲೇ ತೆಗೆದುಬಿಟ್ಟಿದ್ದರೆ ಈ ಕಥೆಯೇ ಬೇರೆಯಾಗುತ್ತಿತ್ತು. ಊಟದ ನಡುವೆ ಒಮ್ಮೆ ಎದ್ದು ಬಂದು ನೋಡಿದರಾಯಿತು ಎಂದುಕೊಂಡು ಹೊಸ ಹುಳ ಹಾಕಿ, ಮತ್ತೆ ಮುಚ್ಚಿ ಹೋದ.

ಊಟದಿಂದ ಏಳಲು ನಮ್ಮವರು ಎಲ್ಲಿ ಬಿಡುತ್ತಾರೆ? ಕೋಸಂಬರಿ, ಬಿಸಿಬೇಳೆಬಾತ್, ನಡುನಡುವೆ ಭಾಷಣ. ಪ್ರಭಾಕರ ಜಾಕೆಟ್ಟಿಗೆ ಕೈ ಹಾಕಿದ್ದೇ ತಡ, ಹಿರಿಯರಾದ ಶಕುಂತಲಾ ಆಂಟಿ ಅಡ್ಡ ಬಂದರು.

"ಎಲ್ಲಿಗೆ ಹೊರಟ್ರಿ? ಹೋಳಿಗೆ ಈಗ ಬರ್ತಿದೆ."

"ಒಂಚೂರು ಕೆಲಸ ಇತ್ತು ಆಂಟಿ. ಹೀಗೆ ಹೋಗಿ ಹಾಗೆ ಬಂದ್ಬಿಡ್ತೀನಿ."

"ಶನಿವಾರ ಪಾರ್ಕ್‌ನಲ್ಲಿ ಎಂಥಾ ಕೆಲಸ ರೀ? ಹುಲ್ಲೇನು ಓಡಿಹೋಗುತ್ತಾ? ಕೂತ್ಕೊಳ್ಳಿ ಸುಮ್ನೆ."

ಎಲ್ಲರೂ ನಕ್ಕರು. ಸ್ಮಶಾನಕ್ಕೆ ಹೋಗಬೇಕು, ಅಲ್ಲೊಂದು ಜೀವ ಸಿಕ್ಕಿಹಾಕಿಕೊಂಡಿರಬಹುದು ಎಂದು ಹೋಳಿಗೆಯ ಪಂಕ್ತಿಯಲ್ಲಿ ಹೇಳುವುದು ಹೇಗೆ? ಇಷ್ಟು ವರ್ಷ ಜೋಪಾನ ಮಾಡಿದ ಸುಳ್ಳು ಅವನ ತೋಳು ಹಿಡಿದು ಕೂರಿಸಿತು. ಜಾನಕಿಗಾದರೂ ಬೋನಿನ ವಿಷಯ ಗೊತ್ತಿದ್ದರೆ ಏನಾದರೂ ನೆಪ ಹೇಳಿ ಬಿಡಿಸುತ್ತಿದ್ದಳು. ಅವಳಿಗೂ ಅವನು ಹೇಳಿರಲಿಲ್ಲ. ಫೋಟೋ, ಶಾಲು, ಮತ್ತೆ ಕಾಫಿ. ಹೊರಬೀಳುವಷ್ಟರಲ್ಲಿ ಬಿಸಿಲು ಇಳಿದಿತ್ತು.

ಗೇಟಿನ ಹತ್ತಿರ ಅವನು, "ನೀನು ಇಲ್ಲೇ ಒಂದ್ನಿಮಿಷ ಇರು," ಎಂದು ಮುಂದೆ ಓಡಿದ. ಅವಳು ನಿಲ್ಲಲಿಲ್ಲ.

ಹೆಂಟೆ ಎತ್ತಿ ಕೊಳವೆಯನ್ನು ಹೊರಗೆಳೆದಾಗ ಭಾರವಿತ್ತು. ಮೋಲ್ ಒಳಗಿತ್ತು, ಸತ್ತಿತ್ತು. ಹುಳಗಳನ್ನು ತಿಂದು ಮುಗಿಸಿತ್ತು. ಬಾಗಿಲಿನ ತಗಡಿಗೆ ಒತ್ತಿಕೊಂಡಿದ್ದ ಅದರ ಕೈಗಳು ಹಾಗೇ ಇದ್ದವು. ಅವುಗಳ ಮೇಲೆ ಕೂದಲಿರಲಿಲ್ಲ. ನಸುಗೆಂಪು ಅಂಗೈ, ಐದು ಬೆರಳು, ಬೆರಳಿಗೊಂದು ಉಗುರು. ಗಾಜಿನ ಪೆಟ್ಟಿಗೆಯ ಒಳಗೆ ಅಷ್ಟೇ ಕೆಂಪಾದ ಕೈಗಳನ್ನು ಅವರಿಬ್ಬರೂ ಮೂರು ವಾರ ನೋಡುತ್ತಾ ಕೂತಿದ್ದರು. ಅವನು ತಟಕ್ಕನೆ ಅದನ್ನು ಬೆನ್ನ ಹಿಂದೆ ಹಿಡಿದ.

"ಏನ್ರೀ ಅದು? ತೋರಿಸಿ."

ತೋರಿಸಿದ. "ಮೋಲ್ ಕಣೇ. ಮಣ್ಣೆಲ್ಲ ಎಬ್ಬಿಸ್ತಿತ್ತು. ನೀನು ಬರೋ ಹೊತ್ತಿಗೆ ಎಲ್ಲ ಸರಿ ಮಾಡಿ ಇಡೋಣ ಅಂತ... ಸಾಯಿಸ್ಬೇಕು ಅಂತ ಇರ್ಲಿಲ್ಲ."

ಜಾನಕಿ ಉಬ್ಬಿದ ಮಣ್ಣನ್ನು ನೋಡಿದಳು, ವಾಲಿದ ಕಲ್ಲನ್ನು ನೋಡಿದಳು. ಅವನು ಹೆದರಿದ ಹಾಗೆ ಕಿರುಚಲಿಲ್ಲ. ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕುಕ್ಕರಿಸಿ, ಒಂದು ಗುಪ್ಪೆಯ ಮೇಲೆ ಕೈಯಿಟ್ಟಳು.

"ಇಲ್ಲೇ ಓಡಾಡ್ಕೊಂಡಿತ್ತಾ ಇದು? ಅವಳ ಹತ್ರಾನೇ?"

"ಹೂಂ."

"ಅಲ್ಲಾ ರೀ, ನಾವಿಬ್ರೂ ಹೊರಟ್ವಿ. ಇನ್ನು ಅವಳ ಪಕ್ಕ ಉಸಿರಾಡ್ಕೊಂಡು ಇದೊಂದಾದ್ರೂ ಇರ್ತಿತ್ತು. ಇದನ್ನೂ ತೆಗೆದ್ಬಿಟ್ರಾ?"

ಪ್ರಭಾಕರನಿಗೆ ಅಳು ಒತ್ತರಿಸಿ ಬಂತು. ಮಗಳು ಹೋದಾಗಲೂ ಹೆಂಡತಿಯ ಎದುರು ಅಳದವನು ಬಿಕ್ಕಿ ಬಿಕ್ಕಿ ಅತ್ತ. ಬೆಳಿಗ್ಗೆ ಅಲ್ಲೇ ಬಿಟ್ಟುಹೋಗಿದ್ದ ಸನಿಕೆಗೆ ಅಭ್ಯಾಸಬಲದಿಂದ ಕೈ ಚಾಚಿದವನನ್ನು ಅವಳು ತಡೆದಳು. ತಾನೇ ಬರಿಗೈಯಲ್ಲಿ ಮಣ್ಣು ತೋಡಿ, ಮೋಲನ್ನು ಇರಾಳ ಪಕ್ಕದಲ್ಲಿ ಮಲಗಿಸಿ ಮುಚ್ಚಿದಳು. ಗುಪ್ಪೆಗಳನ್ನು ತುಳಿಯಲು ಬಿಡಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಟ್ಟವನು ಎಂದಿನಂತೆ ನೇರ ಬಚ್ಚಲ ಕಡೆ ತಿರುಗಿದ. ಜಾನಕಿ ಅವನ ಮುಂಗೈ ಹಿಡಿದು ನಿಲ್ಲಿಸಿದಳು. ಅವಳ ಉಗುರುಗಳಲ್ಲಿ ಕಪ್ಪು ಮಣ್ಣಿತ್ತು.

"ಇವತ್ತು ಸ್ನಾನ ಬೇಡ ರೀ," ಎಂದಳು. "ನೀವು ದಿನಾ ಅವಳ ಮಣ್ಣು ಮೆತ್ಕೊಂಡು ಮನೆಗೆ ಬರ್ತಿದ್ರಿ. ಬಾಗಿಲಿಂದಾನೇ ಕಳಿಸಿ ತೊಳೆಸ್ತಿದ್ದೋಳು ನಾನೇ."